ಸತ್ಯಾಂಶ: ಕಣ್ಣಿನ ಒತ್ತಡ ಒಮ್ಮೆ ನಾರ್ಮಲ್ ಬಂದರೆ ಸಾಕೇ?

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಮಾತು: ಕಣ್ಣಿನ ಒತ್ತಡ ಒಮ್ಮೆ 21 mmHg ಒಳಗೆ ಬಂದರೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇಲ್ಲ, ಡ್ರಾಪ್ಸ್ ಬಿಡಬಹುದು. ಇದು ತಪ್ಪು.

ಈ ಒತ್ತಡ ದಿನವಿಡೀ ಏರಿಳಿಯುತ್ತದೆ. ಮಲಗಿದಾಗ ಏರುತ್ತದೆ, ಹಲವರಲ್ಲಿ ನಸುಕಿಗೆ ಹೆಚ್ಚು. ಕೋನ ಮುಚ್ಚುವ ಗ್ಲಾಕೋಮಾದಲ್ಲಿ ಇನ್ನೊಂದು ತೊಡಕು: ಮಬ್ಬು ಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಕಣ್ಣೊಳಗಿನ ನೀರು ಹೊರಹೋಗುವ ದಾರಿ, ಅಂದರೆ ಕೋನ, ಇಕ್ಕಟ್ಟಾಗುತ್ತದೆ. ನವಲಗುಂದದಿಂದ ಬೆಳಗಿನ ಬಸ್ಸಿಗೆ ಬಂದವರ ಕಣ್ಣನ್ನು ಹನ್ನೊಂದಕ್ಕೆ ಅಳೆದರೆ ನಸುಕಿನ ಏರಿಕೆ ಕಾಣಲಿಕ್ಕಿಲ್ಲ.

ನಿಮ್ಮ ಚೀಟಿ ತೆಗೆದು ನೋಡಿ. ಅಂಕಿಯ ಪಕ್ಕ ಅಳೆದ ಸಮಯ ಇದೆಯೇ? ಗೋನಿಯೋಸ್ಕೋಪಿ, ಅಂದರೆ ಕೋನದ ಪರೀಕ್ಷೆ, ಆಗಿದೆಯೇ? ಕಣ್ಣಿನ ನರ ನೋಡಿದ್ದಾರೆಯೇ? ಆ ವಾಟ್ಸಾಪ್ ಸಂದೇಶ ಕಳಿಸಿದವರ ಕಾಳಜಿ ನಿಜವೇ ಇದ್ದೀತು; ಆದರೆ ವೈದ್ಯರನ್ನು ಕೇಳದೆ ಡ್ರಾಪ್ಸ್ ನಿಲ್ಲಿಸಬೇಡಿ. ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.