ಮಂಗ ಮನುಷ್ಯನಾದುದಕ್ಕೆ ಮಹಜರು ಎಲ್ಲಿದೆ?

2018ರ ಜನವರಿಯಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಔರಂಗಾಬಾದಿನಲ್ಲಿ ಮಾತನಾಡುತ್ತಾ, ಡಾರ್ವಿನ್ನನ ಜೀವವಿಕಾಸ ಸಿದ್ಧಾಂತವು ವೈಜ್ಞಾನಿಕವಾಗಿ ತಪ್ಪೆಂದೂ, ಮಂಗ ಮನುಷ್ಯನಾಗುವುದನ್ನು ಕಂಡೆವೆಂದು ನಮ್ಮ ಪೂರ್ವಜರಾರೂ ಹೇಳಿಲ್ಲ, ಬರೆದಿಟ್ಟಿಲ್ಲವೆಂದೂ, ಆದ್ದರಿಂದ ಶಾಲಾ ಕಾಲೇಜುಗಳ ಪಠ್ಯ ಬದಲಾಗಬೇಕೆಂದೂ ಅಪ್ಪಣೆ ಕೊಡಿಸಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಹೊರಡಿಸಿ ಇದನ್ನು ಅಲ್ಲಗಳೆದವು. ವಿಜ್ಞಾನಿಗಳಿಗೆ ತಾಳ್ಮೆ ಕಡಿಮೆ. ಸಚಿವರು ರಾಜಕಾರಣಕ್ಕೆ ಬರುವ ಮೊದಲು ಮುಂಬೈಯ ಪೊಲೀಸ್ ಕಮಿಷನರ್ ಆಗಿದ್ದರೆಂಬುದನ್ನು ಅವರು ಗಮನಕ್ಕೆ ತಂದುಕೊಳ್ಳಬೇಕಿತ್ತು. ಪ್ರತ್ಯಕ್ಷದರ್ಶಿ ಯಾರು, ಪಂಚರ ಸಹಿಯುಳ್ಳ ಸ್ಥಳ ಮಹಜರು ಎಲ್ಲಿ ಎಂದು ಕೇಳುವುದು ಆ ಇಲಾಖೆಯಲ್ಲಿ ದುಡಿದವರಿಗೆ ಸಹಜವೇ.

ಮಹಜರು ಬರೆಯಲು ಕುಳಿತರೆ ತೊಡಕುಗಳಿವೆ, ನಿಜ. ಘಟನೆ ನಡೆದ ಸಮಯವೆಂಬ ಕಲಮಿನಲ್ಲಿ, ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಆರಂಭಗೊಂಡು ಈವರೆಗೆ ಮುಕ್ತಾಯವಾಗಿಲ್ಲ ಎಂದು ನಮೂದಿಸಬೇಕಾಗುತ್ತದೆ. ಅಷ್ಟು ಹೊತ್ತು ಪಂಚರನ್ನು ನಿಲ್ಲಿಸಿಕೊಂಡರೆ ಅವರ ಭತ್ಯೆಯನ್ನು ಯಾವ ಖಜಾನೆಯೂ ಭರಿಸಲಾರದು. ಇದಲ್ಲದೆ, ಮಂಗ ಮನುಷ್ಯನಾಯಿತೆಂದು ದೂರು ಕೊಟ್ಟವರು ಜೀವವಿಜ್ಞಾನಿಗಳಲ್ಲವೇ ಅಲ್ಲ. ಚಿಂಪಾಂಜಿಗೂ ನಮಗೂ ಒಬ್ಬನೇ ಮೂಲಪುರುಷನಿದ್ದನೆಂದಷ್ಟೇ ಅವರ ವಾದ. ಅಂದರೆ ನಾವಿಬ್ಬರೂ ದಾಯಾದಿಗಳು, ಮತ್ತು ದಾಯಾದಿಗಳು ಪರಸ್ಪರ ಸಂಬಂಧವನ್ನು ನಿರಾಕರಿಸುವುದು ನಮ್ಮ ಸಿವಿಲ್ ನ್ಯಾಯಾಲಯಗಳಿಗೆ ಹೊಸದೇನಲ್ಲ.

ಆದರೂ ಕಣ್ಣಾರೆ ಕಂಡವರಿಲ್ಲವೆಂದು ಪ್ರಕರಣವನ್ನು ಕೈಬಿಡುವ ಪದ್ಧತಿ ಪೊಲೀಸರಲ್ಲಿ ಯಾವಾಗ ಬಂತೋ ತಿಳಿಯದು. ಜಗತ್ತಿನ ಮೊದಲ ಬೆರಳಚ್ಚು ವಿಭಾಗವನ್ನು 1897ರಲ್ಲಿ ಕಲ್ಕತ್ತಾದಲ್ಲಿ ತೆರೆದ ಇಲಾಖೆಯದು. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಿದರೆ, ಮನುಷ್ಯನ ದೇಹದ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿದ್ದು (ಕ್ರೋಮೋಸೋಮುಗಳು) ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 48 ಇರುವುದು ಮೊದಲು ಕಣ್ಣಿಗೆ ಬೀಳುತ್ತದೆ. ಕಾಣೆಯಾದ ಜೋಡಿ ಎಲ್ಲಿ ಹೋಯಿತೆಂದು ಹುಡುಕಿದಾಗ ಮಾಲು ನಮ್ಮಲ್ಲಿಯೇ ಸಿಕ್ಕಿತು: ನಮ್ಮ ಎರಡನೇ ವರ್ಣತಂತುವು ಹಿಂದೆ ಬೇರೆಬೇರೆಯಾಗಿದ್ದ ಎರಡು ತಂತುಗಳು ತುದಿಗೆ ತುದಿ ಬೆಸೆದು ಆದದ್ದು. ತುದಿಯಲ್ಲಷ್ಟೇ ಇರಬೇಕಾದ ಟೆಲೊಮಿಯರ್ ಸರಣಿಯು ಅದರ ನಡುವೆ ಬೆಸುಗೆಯ ಗುರುತಾಗಿ ಉಳಿದಿದೆ. ತಂತುವೊಂದಕ್ಕೆ ಒಂದೇ ಇರುವ ಸೆಂಟ್ರೊಮಿಯರ್ ಎಂಬ ಗಂಟು ಇಲ್ಲಿ ಎರಡಿದ್ದು, ಕೆಲಸ ನಿಲ್ಲಿಸಿದ ಎರಡನೆಯದರ ಅವಶೇಷವೂ ಅಲ್ಲಿದೆ. ಇಷ್ಟು ಸ್ಪಷ್ಟವಾದ ಬೆರಳಚ್ಚು ಸಿಕ್ಕರೆ ಸಾಮಾನ್ಯ ಠಾಣೆಯಲ್ಲಿ ಅಂದೇ ಸಿಹಿ ಹಂಚುತ್ತಾರೆ.

ಇನ್ನು, ಸ್ವದೇಶಿ ಸಾಕ್ಷ್ಯವೇ ಬೇಕೆನ್ನುವವರಿಗೆ ಜಮ್ಮುವಿನ ರಾಜೌರಿ ಜಿಲ್ಲೆಯ ಕಾಲಾಕೋಟ್ ಇದೆ. ಭೂವಿಜ್ಞಾನಿ ಎ. ರಂಗರಾವ್ ಅವರು ಅಲ್ಲಿಂದ ತಂದಿಟ್ಟಿದ್ದ ಬಂಡೆಯ ತುಂಡುಗಳು ಅವರ ನಿಧನಾನಂತರ ಪತ್ನಿಯ ಮೂಲಕ ಅಮೆರಿಕದ ಸಂಶೋಧಕ ಹಾನ್ಸ್ ಥೆವಿಸೆನ್ ಅವರ ಕೈಸೇರಿದವು. ಪ್ರಯೋಗಾಲಯದ ಸಹಾಯಕರೊಬ್ಬರಿಂದ ತಲೆಬುರುಡೆಯೊಂದರ ಕಿವಿಯ ಮೂಳೆ ಆಕಸ್ಮಿಕವಾಗಿ ಮುರಿದಾಗ, ತಿಮಿಂಗಿಲಗಳಲ್ಲಿ ಮಾತ್ರ ಕಾಣುತ್ತಿದ್ದ ದಪ್ಪ ಒಳಗೋಡೆ ಅದರಲ್ಲಿ ಕಂಡಿತು. ಅದು ಸುಮಾರು 4.8 ಕೋಟಿ ವರ್ಷಗಳ ಹಿಂದೆ ನಾಲ್ಕು ಕಾಲುಗಳಲ್ಲಿ ನಡೆಯುತ್ತಿದ್ದ, ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿ. 2007ರಲ್ಲಿ ವಿವರಗಳು ಪ್ರಕಟವಾದ ಈ ಇಂಡೋಹಯಸ್, ತಿಮಿಂಗಿಲಗಳ ಅತಿ ಹತ್ತಿರದ ಬಂಧುವೆಂದು ಗುರುತಿಸಲ್ಪಟ್ಟಿತು; ಅಂದರೆ ತಿಮಿಂಗಿಲದ ಪೂರ್ವಜರೂ ಹಿಂದೊಮ್ಮೆ ನೆಲದ ಮೇಲೆ ನಡೆದವರೇ. ಪುಷ್ಪಕ ವಿಮಾನದ ಪೇಟೆಂಟಿಗಾಗಿ ಇಷ್ಟು ಪರದಾಡುವ ದೇಶವು, ತಿಮಿಂಗಿಲದ ತವರೆಂಬ ಪಟ್ಟ ತಾನಾಗಿಯೇ ಮನೆ ಬಾಗಿಲಿಗೆ ಬಂದರೂ ಒಂದು ಮೆರವಣಿಗೆಯನ್ನು ಸಹ ಮಾಡಲಿಲ್ಲ.

ಕಣ್ಣೆದುರೇ ನಡೆಯಬೇಕೆಂಬ ಹಟವನ್ನಾದರೂ ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ಎಂದೋ ಪೂರೈಸಿದೆ. ಎಚ್.ಎ. ರಂಗನಾಥ್ ಮತ್ತು ಸಂಗಡಿಗರು 8 ವರ್ಣತಂತುಗಳ ಡ್ರೊಸೊಫಿಲಾ ನಸೂಟ ನೊಣವನ್ನೂ 6 ವರ್ಣತಂತುಗಳ ಆಲ್ಬೊಮಿಕನ್ಸ್ ನೊಣವನ್ನೂ ಕೂಡಿಸಿ, ಗೋಧಿರವೆ ಮತ್ತು ಬೆಲ್ಲ ಕುದಿಸಿದ ಪಾಕವನ್ನು ಉಣಿಸುತ್ತಾ (ನಮ್ಮ ಎಷ್ಟೋ ಹಾಸ್ಟೆಲುಗಳ ಸಜ್ಜಿಗೆಗಿಂತ ಅದು ಮೇಲೆಂದು ಕೇಳಿದ್ದೇನೆ) ತಲೆಮಾರುಗಳನ್ನು ಸಾಕಿದರು. ಎರಡೂ ಪೋಷಕರನ್ನು ಹೋಲದ ಹೊಸ ವಂಶಗಳು ಹುಟ್ಟಿದವು. ಸೈಟೋರೇಸ್ ಎಂದು ಹೆಸರಿಟ್ಟ ಇವುಗಳಲ್ಲಿ ಮೊದಲನೆಯದರ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳು. ಸಂಗಾತಿಯನ್ನು ಆರಿಸುವಾಗ ಅನ್ಯ ವಂಶದವರನ್ನು ದೂರವಿಡುವ ಪ್ರವೃತ್ತಿ ಕೆಲವುಗಳಲ್ಲಿ ಆಗಲೇ ತಲೆದೋರಿತ್ತು. ಹೊಸ ಪ್ರಭೇದ ಹುಟ್ಟುವ ಹಾದಿಯ ಮೊದಲ ಮೆಟ್ಟಿಲು ಅದೇ. ವರನ ಮನೆತನ ವಿಚಾರಿಸದೆ ಮುಂದಡಿಯಿಡದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸಾಕ್ಷ್ಯಗಳು ಜಮೆಯಾದ ಬಳಿಕ ಕೇಂದ್ರದ ಶಾಲಾ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ 2023ರಲ್ಲಿ ಕಡತವನ್ನೇ ಮುಚ್ಚಿತು. ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯದಲ್ಲಿ ಈಗ ಅನುವಂಶೀಯತೆ ಮಾತ್ರ ಉಳಿದಿದೆ. ಚುನಾವಣಾ ಟಿಕೆಟ್ ಹಂಚಿಕೆಯನ್ನು ಅರ್ಥಮಾಡಿಕೊಳ್ಳಲು ಮಕ್ಕಳಿಗೆ ಅಷ್ಟು ಸಾಕು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತಿತರರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು, ಅಧ್ಯಾಯ ಮರಳಲಿಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ತಗ್ಗಿಸಲು ಆರಂಭವಾದ ಕ್ರಮವಿದು ಎಂಬುದು ಸಮಜಾಯಿಷಿ. ಡೆಲ್ಟಾ ಹೋಗಿ ಓಮಿಕ್ರಾನ್ ಬಂತೆಂದು, ಒಂದು ವೈರಾಣು ರೂಪಾಂತರಗೊಳ್ಳುತ್ತಾ ನಿಸರ್ಗದ ಆಯ್ಕೆಗೆ ಒಳಗಾಗುವುದನ್ನು ಇಡೀ ದೇಶವೇ ಮುಖಗವಸು ಹಾಕಿಕೊಂಡು ದಿನವೂ ಟಿವಿಯಲ್ಲಿ ನೋಡುತ್ತಿದ್ದ ಕಾಲವದು.

ಹನ್ನೆರಡನೇ ತರಗತಿಯ ಜೀವವಿಜ್ಞಾನ ಪುಸ್ತಕದಲ್ಲಿ ಪಾಠವು ಭದ್ರವಾಗಿದೆಯೆಂದು ನಮಗೆ ಅಭಯವನ್ನೂ ಕೊಡಲಾಗಿದೆ. ಹಾಗಾದರೆ ಆ ವಿಷಯವನ್ನು ಆರಿಸಿಕೊಂಡವರು ಮಾತ್ರ ವಿಕಾಸಗೊಂಡವರು. ವಾಣಿಜ್ಯ ಮತ್ತು ಕಲಾ ವಿಭಾಗದವರ ಪೂರ್ವಜರು ಮೊದಲಿನಿಂದಲೂ ಮನುಷ್ಯರೇ. ಈ ಎರಡು ಪಂಗಡಗಳ ನಡುವೆ ಮದುವೆಯಾಗಿ ಹುಟ್ಟಿದ ಮಕ್ಕಳನ್ನು ಯಾವ ಕಡೆಗೆ ಸೇರಿಸಬೇಕೆಂಬ ಬಗ್ಗೆ ಮಾತ್ರ ಇನ್ನೂ ಸುತ್ತೋಲೆ ಬಂದಿಲ್ಲ.