ಧರ್ಮ ಕೇಳಿ ಕೆಡುವ ನೀರು

ಕೊರೊನಾ ಕಾಲದಲ್ಲಿ ಶ್ರೀಲಂಕಾ ಸರ್ಕಾರ ವಿಜ್ಞಾನಕ್ಕೆ ಸಲ್ಲಿಸಿದ ಸೇವೆಗೆ ತಕ್ಕ ಸನ್ಮಾನ ಇನ್ನೂ ಆಗಿಲ್ಲ. ಹೆಣದಲ್ಲಿ ವೈರಾಣು ಬೆಳೆಯದು, ಅದಕ್ಕೆ ಜೀವಂತ ಕೋಶವೇ ಬೇಕು ಎಂದು ಲೋಕವೆಲ್ಲ ನಂಬಿ ಕೂತಿದ್ದಾಗ, ಹೂತ ಹೆಣದ ಚೀಲ ಹರಿದುಕೊಂಡು ಆರಡಿ ಮಣ್ಣಿನಿಂದಲೂ ಕೆಳಗಿಳಿದು ಬಾವಿ ಸೇರುವ ವೈರಾಣುವನ್ನು ಕೊಲಂಬೊದಲ್ಲಿ ಕಂಡುಹಿಡಿದರು.

ಕೊರೊನಾದಿಂದ ಸತ್ತವರನ್ನು ಹೂಳಬಹುದು, ಸುಡಲೂಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಏಪ್ರಿಲ್ 11ರ ಲಂಕಾ ಸರ್ಕಾರದ ಗೆಜೆಟ್ ಆದೇಶ ಅದರಲ್ಲಿ ಅರ್ಧವನ್ನಷ್ಟೇ ಉಳಿಸಿಕೊಂಡಿತು: ಸುಡಿ. ಉರಿ 800ರಿಂದ 1200 ಡಿಗ್ರಿ ಸೆಲ್ಸಿಯಸ್, ಸಮಯ ಕನಿಷ್ಠ 45 ನಿಮಿಷದಿಂದ ಒಂದು ಗಂಟೆ. ಹೆಣ ಮನೆಯವರ ಕೈಗಿಲ್ಲ. ಬೂದಿ ಬೇಕಿದ್ದರೆ ಕೇಳಿ ಪಡೆಯಬಹುದು. ನಿಯಮ ಎಲ್ಲರಿಗೂ ಒಂದೇ, ನೋಡಿ. ಹೇಗೂ ಸುಡುವ ಬೌದ್ಧರಿಗೂ ಅದೇ, ಮಣ್ಣೇ ಆಗಬೇಕೆನ್ನುವ ಮುಸ್ಲಿಮರಿಗೂ ಕ್ರೈಸ್ತರಿಗೂ ಅದೇ. ಆ ಡಿಸೆಂಬರ್‌ನಲ್ಲಿ 20 ದಿನದ ಮುಸ್ಲಿಂ ಕೂಸನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸುಟ್ಟರು. ಕೊಲಂಬೊದ ಬೊರೆಲ್ಲಾ ಸ್ಮಶಾನದ ಬೇಲಿಗೆ ಜನ ಪ್ರತಿಭಟನೆಯಾಗಿ ಬಿಳಿ ಬಟ್ಟೆ ಕಟ್ಟಿದರು.

ಇಷ್ಟೆಲ್ಲ ಅಂತರ್ಜಲದ ಮೇಲಿನ ಅಕ್ಕರೆಯಿಂದ. ಸೋಂಕಿತರ ಮಲದಲ್ಲೂ ವೈರಾಣುವಿನ ಅಂಶ ಇರುತ್ತದೆ, ಅದು ದಿನಾ ಬೆಳಿಗ್ಗೆ ಪಾಯಿಖಾನೆ ಗುಂಡಿಗೆ ಇಳಿಯುತ್ತದೆ. ಆದರೆ ಗುಂಡಿಗೆ ಧರ್ಮವಿಲ್ಲವಲ್ಲ, ಅದಕ್ಕೆ ಗೆಜೆಟ್ ಹೊರಡಲಿಲ್ಲ. ಹೊಳೆಯ ನೀರಿಗಂತೂ ಪ್ರತ್ಯೇಕ ಉಪಚಾರ: ಆರೋಗ್ಯ ಸಚಿವೆ ಪವಿತ್ರಾ ವನ್ನಿಆರಚ್ಚಿ ಮಂತ್ರಿಸಿದ ನೀರಿನ ಮಡಕೆಯನ್ನು ಹೊಳೆಗೆ ಹಾಕಿ ರೋಗ ಓಡಿಸಲು ಹೊರಟರು. ಕೊರೊನಾಕ್ಕೆ ಮದ್ದೆಂದು ಜೇನು, ಜಾಯಿಕಾಯಿಯ ಸಿರಪ್ಪನ್ನೂ ಕುಡಿದು ತೋರಿಸಿದರು. 2021ರ ಜನವರಿಯಲ್ಲಿ ಸೋಂಕು ಅವರನ್ನೇ ಹಿಡಿಯಿತು. ಹೂಳುವುದರಲ್ಲಿ ತಪ್ಪಿಲ್ಲ ಎಂದು ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ ಹೇಳಿದಾಗ, ಲೆಕ್ಕಕ್ಕೆ ಬರುವ ಸಮಿತಿ ಬೇರೆಯದೇ ಎಂದಾಯಿತು.

ನಡುವೆ ಹೆಣಗಳನ್ನು ಮಾಲ್ದೀವ್ಸ್‌ನಲ್ಲಿ ಹೂಳುವ ಮಾತೂ ನಡೆಯಿತು. ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರ್ ಎತ್ತರದ ನಾಡು ಅದು, ನಾಲ್ಕು ಗುದ್ದಲಿ ಹಾಕಿದರೆ ನೀರು! ಲಂಕೆಯ ಬೆಟ್ಟಗುಡ್ಡದಲ್ಲಿ ಇಳಿಯುವ ವೈರಾಣು ಅಲ್ಲಿ ಈಜು ಮರೆಯುತ್ತದೆಂದು ಯಾರೋ ಲೆಕ್ಕ ಹಾಕಿರಬೇಕು.

2021ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಪ್ರಧಾನಿ ಇಮ್ರಾನ್ ಖಾನ್ ಬಂದು ಹೋದರು. ಮರುದಿನವೇ, 25ರಂದು, ಗೆಜೆಟ್ ತಿದ್ದುಪಡಿಯಾಯಿತು, ಹೂಳಲೂಬಹುದು ಎಂದಾಯಿತು. ಒಬ್ಬ ಅತಿಥಿಯ ವಿಮಾನ ಏರಿದ ಕೂಡಲೇ ಮಣ್ಣು ಶುದ್ಧಿಯಾದದ್ದು ಭೂಗರ್ಭಶಾಸ್ತ್ರದಲ್ಲೇ ಮೊದಲು. ಹೂಳುವುದೆಲ್ಲಿ? ಕೊಲಂಬೊದಿಂದ ಸುಮಾರು 300 ಕಿಲೋಮೀಟರ್ ದೂರದ ಇರಣೈತೀವು ದ್ವೀಪದಲ್ಲಿ. ಅಲ್ಲಿರುವವರು ತಮಿಳು ಕ್ಯಾಥೊಲಿಕ್ ಬೆಸ್ತರು. 1992ರಲ್ಲಿ ನೌಕಾಪಡೆ ಎಬ್ಬಿಸಿ, 2018ರಲ್ಲಷ್ಟೇ ಮರಳಿದವರು. ಒಂದು ಅಲ್ಪಸಂಖ್ಯಾತರ ಹೆಣ, ಇನ್ನೊಂದು ಅಲ್ಪಸಂಖ್ಯಾತರ ಅಂಗಳ; ಬಹುಸಂಖ್ಯಾತರ ಕೈಗೆ ಮಣ್ಣೂ ಅಂಟದ ಏರ್ಪಾಡು. ದ್ವೀಪದವರು ಪ್ರತಿಭಟಿಸಿದ ಮೇಲೆ ಬಟ್ಟಿಕಲೋವಾ ಜಿಲ್ಲೆಯ ಓಟ್ಟಮಾವಡಿ ಗೊತ್ತಾಯಿತು. ಅಲ್ಲಿ ಒಂದು ವರ್ಷದಲ್ಲಿ 3,600ಕ್ಕೂ ಹೆಚ್ಚು ಜನರನ್ನು ಹೂತರು. ಹಿಂದೂಗಳೂ ಬೌದ್ಧರೂ ಅಲ್ಲೇ ಸಾಲಿನಲ್ಲಿದ್ದಾರೆ.

ಮುಂದೆ ನಡೆದ ಅಧ್ಯಯನಗಳು ಹೂತ ಹೆಣದತ್ತ ಬೆರಳು ತೋರಲಿಲ್ಲ, ಮಲಮೂತ್ರದತ್ತ ತೋರಿದವು. 2024ರ ಜುಲೈನಲ್ಲಿ ಸಂಪುಟ ಮುಸ್ಲಿಮರ ಕ್ಷಮೆ ಕೇಳಿತು. ಜೊತೆಗೆ, ಹೂಳಬೇಕೋ ಸುಡಬೇಕೋ ಎಂಬುದನ್ನು ಮನೆಯವರೇ ಆರಿಸಿಕೊಳ್ಳುವಂಥ ಕಾನೂನು ತರಲೂ ಒಪ್ಪಿತು, ಮುಂದೆ ಸಾಯಲಿರುವವರ ಅನುಕೂಲಕ್ಕಾಗಿ.