ಜೇಬಿನೊಳಗಿನ ಕೈ

"ನೀವು ಆರಾಧಿಸುವ ಕಲಾವಿದರನ್ನು ಯಾವತ್ತೂ ಹತ್ತಿರದಿಂದ ನೋಡಬೇಡಿ" ಅಂತ ಮೊನ್ನೆ ಯಾರೋ ಬರೆದಿದ್ದರು. ಜೊತೆಗೆ ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ. ನಲವತ್ತು ದಾಟಿದವರಿಗೆ ಈ ಬುದ್ಧಿವಾದ ಸರಿ ಇರಬಹುದು. ಹದಿನೈದು, ಹದಿನಾರರ ಮಕ್ಕಳಿಗೆ ಮಾತ್ರ ದಯವಿಟ್ಟು ಹೇಳಬೇಡಿ. ಬೆಟ್ಟದ ಕಲ್ಲುಮುಳ್ಳು ತುಳಿಯೋ ವಯಸ್ಸೇ ಅದು.

ನಾನು ತುಳಿದಿದ್ದೇನೆ. ನನ್ನ ಪಾಲಿನ ದೇವರು ಒಬ್ಬ ವ್ಯಂಗ್ಯಚಿತ್ರಕಾರರು. ಹೆಸರು ಬೇಡ. ಅವರ ಚಿತ್ರ ಎಲ್ಲಿ ಸಿಕ್ಕರೂ ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದೆ. ಅವರು ಬಿಡಿಸಿದ ಜನರೆಲ್ಲ ಜೇಬಿಗೆ ಕೈ ಹಾಕಿಕೊಂಡೇ ನಿಂತಿರುತ್ತಿದ್ದರು. ಮಂತ್ರಿ, ಮೇಷ್ಟ್ರು, ಕಳ್ಳ, ಪೊಲೀಸ್, ಎಲ್ಲರೂ. ಹೆಂಗಸರಾದರೆ ಕೈ ಬೆನ್ನ ಹಿಂದೆ. ಆಹಾ, ಏನು ಸ್ಟೈಲು! ಲೋಕದ ಬಗ್ಗೆ ಅವರಿಗಿರುವ ಉಡಾಫೆ ಅಲ್ಲಿ ಕಾಣುತ್ತೆ ಅಂತ ಗೆಳೆಯರ ಮುಂದೆ ಭಾಷಣ ಬೇರೆ ಬಿಗಿದಿದ್ದೆ. ನನ್ನ ನೋಟ್‌ಬುಕ್ ತುಂಬಾ ಜೇಬಿಗೆ ಕೈ ಹಾಕಿದವರೇ.

ಒಂದು ದಿನ ಅವರ ಚಿತ್ರಗಳ ಪ್ರದರ್ಶನ. ಅವರೇ ಬಂದಿದ್ದರು. ಉದ್ದದ ಸಾಲು. ಆಗ ಸೆಲ್ಫಿ ಇರಲಿಲ್ಲ. (ಸೆಲ್ಫಿ ಒಂದು ವಿಚಿತ್ರ ನೋಡಿ. ಯಾರನ್ನು ನೋಡೋಕೆ ಅಂತ ಹೋಗಿರುತ್ತೇವೋ ಅವರಿಗೇ ಬೆನ್ನು ಹಾಕಿ ನಿಲ್ಲಬೇಕು.) ಕನ್ನಡಿ ಮುಂದೆ ನಿಂತು ಒಂದು ಪ್ರಶ್ನೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ಸರ್, ನಿಮ್ಮ ಗೆರೆಗಳೊಳಗಿನ ಮೌನದ ಬಗ್ಗೆ ಹೇಳಿ." ಈಗ ನೆನೆಸಿಕೊಂಡರೆ ಮೈಯೆಲ್ಲ ಮುದುಡುತ್ತೆ.

ನನ್ನ ಸರದಿ ಬಂತು. ನಾಲಿಗೆ ಕೈಕೊಟ್ಟಿತು. ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ತೋರುಬೆರಳಿನ ಉಗುರ ಸಂದಿಯಲ್ಲಿ ಕಪ್ಪು ಇಂಕು ಕೂತುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗದ ಹಾಗೆ. ಮಾತಾಡದೆ ನೋಟ್‌ಬುಕ್ ಚಾಚಿದೆ. ಹಸ್ತಾಕ್ಷರಕ್ಕೆ ಖಾಲಿ ಪುಟ ಹುಡುಕುತ್ತಾ ನಾಲ್ಕು ಹಾಳೆ ತಿರುಗಿಸಿದರು. ಮೂಗಿನಲ್ಲೇ ನಕ್ಕರು.

"ಇವರೆಲ್ಲ ಯಾಕೋ ಜೇಬಿಗೆ ಕೈ ಹಾಕಿದ್ದಾರೆ?"

"ನಿಮ್ಮ ಥರ, ಸರ್."

"ನಂಗೆ ಕೈ ಬಿಡಿಸೋಕೆ ಸರಿಯಾಗಿ ಬರಲ್ಲ ಮಾರಾಯ. ಅದಕ್ಕೇ ಜೇಬಿಗೆ ತುರುಕ್ತೀನಿ. ನೀನ್ಯಾಕೆ ತುರುಕಿದೆ?"

ಸಹಿ ಹಾಕಿ ಹಿಂದಿನವರ ಕಡೆ ನೋಡಿದರು. ಅಷ್ಟೇ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ವಾಪಸ್ ಬರುವಾಗ ಸಿಟ್ಟು ಅಂದರೆ ಸಿಟ್ಟು. ಅವಮಾನ ಆಯ್ತು ಅಂತಲ್ಲ, ಮೋಸ ಹೋದೆ ಅಂತ. ನಾನು ದರ್ಶನ ಅಂದುಕೊಂಡಿದ್ದು ಬರೀ ತಪ್ಪಿಸಿಕೊಳ್ಳೋ ಉಪಾಯ ಆಗಿತ್ತು!

ಎಷ್ಟೋ ವರ್ಷದ ಮೇಲೆ ಸೂಸನ್ ಸೊಂಟಾಗ್ ವಿಷಯ ಓದಿದಾಗ ಸಮಾಧಾನ ಆಯಿತು. ಅಮೆರಿಕದ ಈ ಲೇಖಕಿ ಹದಿಹರೆಯದಲ್ಲಿ ತನ್ನ ಆರಾಧ್ಯ ಕಾದಂಬರಿಕಾರ ಥಾಮಸ್ ಮನ್ ಮನೆಗೆ ಹೋಗಿದ್ದರು. ಟೆಲಿಫೋನ್ ಡೈರೆಕ್ಟರಿಯಲ್ಲಿ ನಂಬರ್ ಹುಡುಕಿ ಫೋನ್ ಮಾಡಿದ್ದು ಜೊತೆಗಿದ್ದ ಗೆಳೆಯ. 1929ರಲ್ಲೇ ನೊಬೆಲ್ ಪಡೆದ ದೊಡ್ಡ ಮನುಷ್ಯ ಚಹಾಕ್ಕೆ ಕರೆದೇಬಿಟ್ಟರು. ಹುಡುಗಿಗೆ ಆತ ಪುಸ್ತಕದ ಹಾಗೆ ಮಾತಾಡಲಿ ಅನ್ನೋ ಆಸೆ. ಆತ ಮಾತಾಡಿದ್ದು ಪುಸ್ತಕ ವಿಮರ್ಶೆಯ ಹಾಗೆ! ಆ ಮುಜುಗರವನ್ನು ಅವರು ಬರೆದು ಪ್ರಕಟಿಸಿದ್ದು 1987ರಲ್ಲಿ. ಸುಮಾರು ನಲವತ್ತು ವರ್ಷ ಒಳಗೇ ಇಟ್ಟುಕೊಂಡಿದ್ದರು. ಅಂಥವರಿಗೇ ಹಾಗಾದರೆ ನಾನು ಯಾವ ಲೆಕ್ಕ, ಅಲ್ವಾ?

ನಮ್ಮ ಕುವೆಂಪು ಕತೆ ನಿಮಗೆಲ್ಲ ಗೊತ್ತಿರುತ್ತದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಹತ್ತೊಂಬತ್ತರ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನು ಹೊತ್ತುಕೊಂಡು ಹೋದ. ನಿನ್ನ ಭಾಷೆಯಲ್ಲಿ ಯಾಕೆ ಬರೆಯಬಾರದು ಅಂತ ಕೇಳಿಸಿಕೊಂಡು ಬಂದ. ಈಗ ನಾವು ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಕವಿತೆ ತೋರಿಸೋಕೆ ಹೋದ ಹುಡುಗನಿಗೆ ಆ ಕ್ಷಣಕ್ಕೆ ಅದು ಸಿಹಿಯಾಗಿ ಕೇಳಿಸಿರಲಿಕ್ಕಿಲ್ಲ.

ಹಾಗಂತ ಕಹಿ ಮಾತಾಡಿದವರೆಲ್ಲ ಗುರುಗಳಲ್ಲ. ಮಕ್ಕಳನ್ನು ಹೀಯಾಳಿಸಿ ಖುಷಿಪಡೋ ದೊಡ್ಡವರನ್ನೂ ನೋಡಿದ್ದೇನೆ. ಅದಕ್ಕೆ ಕ್ಷಮೆ ಇಲ್ಲ. ನನ್ನ ದೇವರು ನನ್ನನ್ನು ಹೀಯಾಳಿಸಲಿಲ್ಲ. ಅವರು ಬಿಟ್ಟುಕೊಟ್ಟಿದ್ದು ತಮ್ಮದೇ ಗುಟ್ಟು. ನೂರು ಜನ ನಿಂತಿದ್ದ ಸಾಲಿನಲ್ಲಿ, ಸುಮ್ನೆ "ಚೆನ್ನಾಗಿದೆ, ಮುಂದುವರಿಸು" ಅಂದು ಕಳಿಸಬಹುದಿತ್ತು. ಹಾಗಂದಿದ್ದರೆ ಇವತ್ತಿಗೂ ಜೇಬುಗಳನ್ನೇ ಬಿಡಿಸುತ್ತಾ ಇರುತ್ತಿದ್ದೆನೋ ಏನೋ.

ಆ ರಾತ್ರಿ ಸಿಟ್ಟಲ್ಲೇ ಎಡಗೈಯನ್ನು ಟೇಬಲ್ ಮೇಲಿಟ್ಟು ಬಿಡಿಸೋಕೆ ಕೂತೆ. ಬಂದಿದ್ದು ಬದನೆಕಾಯಿ ಗೊಂಚಲು. ಮಾರನೇ ದಿನ ಮತ್ತೆ. ಆ ನೋಟ್‌ಬುಕ್‌ನಲ್ಲಿ ಅವರ ಸಹಿಯ ನಂತರದ ಪುಟಗಳಲ್ಲೆಲ್ಲ ಕೈಗಳೇ ಇವೆ.

ನಾನೇನೂ ಚಿತ್ರಕಾರ ಆಗಲಿಲ್ಲ ಬಿಡಿ. ಆದರೆ ಈಗಲೂ ಫೋನಲ್ಲಿ ಮಾತು ಜಾಸ್ತಿ ಎಳೆದರೆ ಸಿಕ್ಕ ಕಾಗದದ ಮೇಲೆ ಕೈ ಬಿಡಿಸುತ್ತಿರುತ್ತೇನೆ. ನಾಲ್ಕು ಬೆರಳು ಚೆನ್ನಾಗಿಯೇ ಬರುತ್ತವೆ. ಹೆಬ್ಬೆರಳಿನ ಹತ್ತಿರ ಬಂದಾಗ ಮಾತ್ರ ಜೇಬು ನೆನಪಾಗುತ್ತದೆ.